ಬೆಟ್ಟದ ಆ ಕಡೆ

ಹೋದ ವರ್ಷ ಯುಗಾದಿ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ನನ್ನ ಮಗ ಅಜ್ಜಿಗೆಂದು ಒಂದು ಚಿತ್ರ ತಂದಿದ್ದ. ಹಳೆಯ ಕಾಲದ ಇಂಗ್ಲಿಷ್ ಚಿತ್ರವೊಂದರ ಅಚ್ಚು ಪ್ರತಿ, ಅದಕ್ಕೆ ಕಂದು ಬಣ್ಣದ ಕಟ್ಟು. ಬೋಳು ಬಂಡೆಯ ಬೆಟ್ಟ, ಬುಡದಲ್ಲಿ ಕಾಡು, ಮೇಲೆ ವಿಶಾಲವಾದ ಆಕಾಶ. ಕೆಳಗಿದ್ದ ಇಂಗ್ಲಿಷ್ ಹೆಸರನ್ನು ಓದಿ, "ಅಜ್ಜಿ, ಇದು ನಿಮ್ಮ ಸಾವನದುರ್ಗ" ಎಂದ. ನಮ್ಮತ್ತೆಯ ತವರು ಮಾಗಡಿ ತಾಲೂಕಿನಲ್ಲಿ, ಆ ಬೆಟ್ಟದ ಬುಡದ ಒಂದು ಹಳ್ಳಿ. ಎಂಬತ್ತರ ಹತ್ತಿರದ ಅವರು ಕನ್ನಡಕ ಹಾಕಿಕೊಂಡು, ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ಮೇಲಿನಿಂದ ಕೆಳಗೆ ನೋಡಿದರು.

"ಬೆಟ್ಟ ಅದೇಯ. ಆದ್ರೆ ಇದು ಆ ಕಡೆ ನಿಂತ್ಕಂಡು ಬರ್ದಿರಾದು. ನಮ್ಮೂರ್ ಕಡೆಯಿಂದ ಹಿಂಗ್ ಕಾಣಾಕಿಲ್ಲ ಕಣಪ್ಪ" ಎಂದು ಚಿತ್ರವನ್ನು ವಾಪಸು ಕೊಟ್ಟರು.

ಮಗ ನಕ್ಕ. ನಾನೂ ನಕ್ಕೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಬಿಡದಿರುವುದಕ್ಕೆ ಒಂದು ಕಾರಣವೂ ಇತ್ತು. ಇಲ್ಲಿ ರಾಮನಗರದ ನಮ್ಮ ಮಹಿಳಾ ಸಮಾಜದ ವಾರ್ಷಿಕೋತ್ಸವಕ್ಕೆ ನಾನು ಒಂದು ಭಾಷಣ ಒಪ್ಪಿಕೊಂಡಿದ್ದೆ. ವಿಷಯ, ಯುದ್ಧಭೂಮಿಯಲ್ಲಿ ಫೋಟೋ ತೆಗೆದವರ ಅನುಭವಗಳು. ಪತ್ರಿಕೆಯವರಷ್ಟೇ ಅಲ್ಲ, ಸೈನ್ಯದ ಸಂಬಳ ಪಡೆದು, ಸಮವಸ್ತ್ರ ತೊಟ್ಟು, ಸೈನಿಕರ ಜೊತೆಗೇ ನಡೆದು ಚಿತ್ರ ತೆಗೆಯುವವರ ಕತೆ. ಎರಡು ತಿಂಗಳಿಂದ ಓದಿ ಟಿಪ್ಪಣಿ ಮಾಡಿಟ್ಟುಕೊಂಡಿದ್ದೆ. ಎಲ್ಲವೂ ಅವರ ಧೈರ್ಯದ ಬಗ್ಗೆ. ಗುಂಡಿನ ಮಳೆಯಲ್ಲಿ ತಲೆಯೆತ್ತಿ ನಿಲ್ಲುವವನು, ಕೈಯಲ್ಲಿ ಬಂದೂಕಿನ ಬದಲು ಕ್ಯಾಮೆರಾ ಹಿಡಿದವನು, ಹೀಗೆಲ್ಲ. ಅತ್ತೆಯ ಒಂದು ಮಾತಿನಿಂದ ಆ ಟಿಪ್ಪಣಿಗಳನ್ನೆಲ್ಲ ಮತ್ತೊಮ್ಮೆ ಓದಬೇಕಾಯಿತು. ಅವರು ಧೈರ್ಯವಂತರೆಂಬುದರಲ್ಲಿ ಸಂಶಯವಿಲ್ಲ. ಆದರೆ ಬೆಟ್ಟದ ಯಾವ ಕಡೆ ನಿಂತಿದ್ದರು?

ಮೊದಲು ನಮ್ಮ ಮನೆಯ ಗೋಡೆಯ ಮೇಲಿನ ಚಿತ್ರದಿಂದಲೇ ಶುರುಮಾಡುತ್ತೇನೆ. ಅದನ್ನು ಬರೆದವನು ರಾಬರ್ಟ್ ಹೋಮ್. ಇಂಗ್ಲೆಂಡಿನ ಹಲ್ ಎಂಬ ಊರಿನವನು. ಟಿಪ್ಪು ಸುಲ್ತಾನನ ಮೇಲೆ ಇಂಗ್ಲಿಷರು ಮೂರನೆಯ ಮೈಸೂರು ಯುದ್ಧ ಮಾಡುತ್ತಿದ್ದಾಗ, 1791ರಲ್ಲಿ, ಮದರಾಸಿಗೆ ಬಂದು, ಲಾರ್ಡ್ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ಹೋಗಲು ಅಪ್ಪಣೆ ಪಡೆದ. ಆಗಿನ್ನೂ ಕ್ಯಾಮೆರಾ ಹುಟ್ಟಿರಲಿಲ್ಲ. ಯುದ್ಧದ ಚಿತ್ರ ಊರಿಗೆ ತಲುಪಬೇಕಾದರೆ ಇಂಥ ಚಿತ್ರಕಾರರೇ ಬೇಕು. ಆ ಯುದ್ಧದಲ್ಲಿ ಹೋಮ್ ಒಬ್ಬನೇ ಅಲ್ಲ, ಸೈನ್ಯದ ಅಧಿಕಾರಿಗಳೇ ಆದ ಅಲೆಕ್ಸಾಂಡರ್ ಅಲನ್, ಕೋಲ್‌ಬ್ರೂಕ್, ಜೇಮ್ಸ್ ಹಂಟರ್ ಮೊದಲಾದವರೂ ನಮ್ಮ ಸೀಮೆಯ ಚಿತ್ರ ಬರೆದರು. ಈಗಿನ ಸೈನಿಕ ಛಾಯಾಗ್ರಾಹಕರ ಮುತ್ತಜ್ಜಂದಿರು ಎಂದರೆ ಇವರೇ. ಹೋಮ್ ತನ್ನ ಚಿತ್ರಗಳನ್ನು 1794ರಲ್ಲಿ ಪುಸ್ತಕವಾಗಿ ಹೊರತಂದ. ಅದರಲ್ಲಿ ಬೆಂಗಳೂರು, ಶ್ರೀರಂಗಪಟ್ಟಣಗಳ ಜೊತೆಗೆ ನಮ್ಮ ಸಾವನದುರ್ಗ ಇದೆ, ಹುತ್ರಿದುರ್ಗ ಇದೆ, ನಮ್ಮ ಊರಿನ ರಾಮಗಿರಿಯೂ ಇದೆ.

ಸಾವನದುರ್ಗವನ್ನು ಕಾರ್ನ್‌ವಾಲಿಸ್‌ನ ಸೈನ್ಯ 1791ರ ಡಿಸೆಂಬರ್ ತಿಂಗಳಲ್ಲಿ ಮುತ್ತಿ, 21ರಂದು ಹಿಡಿಯಿತು. ಕರಿಗುಡ್ಡ, ಬಿಳಿಗುಡ್ಡ ಎಂಬ ಎರಡು ಶಿಖರಗಳ ಆ ಕೋಟೆ ಬೀಳುವುದೇ ಇಲ್ಲವೆಂದು ಎಲ್ಲರೂ ನಂಬಿದ್ದರಂತೆ. ಅದು ಬಿದ್ದ ಕೆಲವೇ ದಿನಗಳಲ್ಲಿ ರಾಮಗಿರಿ, ಶಿವನಗಿರಿ, ಹುತ್ರಿದುರ್ಗಗಳೂ ಒಂದರ ಹಿಂದೊಂದು ಕೈಬಿಟ್ಟವು. ಸಾವನದುರ್ಗದಲ್ಲಿ ಕೋಟೆ ಕಾಯುತ್ತಿದ್ದ ನಮ್ಮ ಕಡೆಯವರು ಸತ್ತರು, ಓಡುವಾಗ ಬಂಡೆಯಿಂದ ಜಾರಿ ಬಿದ್ದೂ ಸತ್ತರು. ಆ ಬಂಡೆಯನ್ನು ಹತ್ತಿ ಇಳಿದವರಿಗೆ ಆ ಬೀಳುವಿಕೆ ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ತಿಳಿದುಕೊಂಡು ಮತ್ತೆ ಗೋಡೆಯ ಚಿತ್ರ ನೋಡಿ. ಸುಂದರವಾದ ಬೆಟ್ಟ. ತಂಪಾದ ಬೆಳಕು. ಬಿದ್ದವರೂ ಇಲ್ಲ, ಸತ್ತವರೂ ಇಲ್ಲ. ಹೋಮ್ ಸಾವನ್ನು ಬರೆಯಲಾರದವನು ಎಂದುಕೊಳ್ಳಬೇಡಿ. ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಬೆಂಗಳೂರು ಪೇಟೆಯ ಬಾಗಿಲಿನಲ್ಲಿ ಕರ್ನಲ್ ಮೂರ್‌ಹೌಸ್ ಎಂಬ ಇಂಗ್ಲಿಷ್ ಅಧಿಕಾರಿ ಸತ್ತಾಗ, ಹೋಮ್ ಅದನ್ನು ದೊಡ್ಡ ವರ್ಣಚಿತ್ರವಾಗಿ ಬರೆದ. ಅದೇ ತಿಂಗಳು ಅದೇ ಬೆಂಗಳೂರಿನ ಕೋಟೆಯೊಳಗೆ ಕಾದಾಡಿ ಸತ್ತ ಕಿಲ್ಲೇದಾರ ಬಹಾದೂರ್ ಖಾನನ ಹೆಸರು ಚರಿತ್ರೆಯಲ್ಲಿ ಉಳಿದಿದೆ. ಅವನ ಜೊತೆ ಸತ್ತ ನೂರಾರು ಮಂದಿಯದು ಹೆಸರೂ ಇಲ್ಲ, ಚಿತ್ರವೂ ಇಲ್ಲ. ತಮ್ಮವನೊಬ್ಬ ಸತ್ತರೆ ಅದು ದುಃಖದ ಚಿತ್ರ, ಎದುರಿನವರು ಸತ್ತ ಜಾಗ ಮಾತ್ರ ಪ್ರಕೃತಿ ಸೌಂದರ್ಯ. ಹೋಮ್ ಸುಳ್ಳು ಬರೆಯಲಿಲ್ಲ. ತಾನು ನಿಂತಲ್ಲಿಂದ ಕಂಡದ್ದನ್ನು ಬರೆದ. ಡೇರೆ ಹಾಕಿದ್ದು ಆ ಕಡೆ, ಊಟ ಹಾಕಿದವರು ಆ ಕಡೆಯವರು, ಪುಸ್ತಕ ಕೊಂಡವರೂ ಆ ಕಡೆಯವರೇ.

ಇನ್ನು ನಮ್ಮ ರಾಮಗಿರಿಯ ವಿಚಾರ. ಅದು ಈಗಿನ ರಾಮದೇವರ ಬೆಟ್ಟ. ಹೊರಗಿನಿಂದ ಬಂದವರಿಗೆ ಆ ಬೆಟ್ಟವೆಂದರೆ 1975ರ 'ಶೋಲೆ'. ಕಾರು ನಿಲ್ಲಿಸಿ, ಗಬ್ಬರ್ ಸಿಂಗ್ ಕೂತಿದ್ದ ಬಂಡೆ ಯಾವುದು ಎಂದು ಕೇಳುತ್ತಾರೆ, ಬಂಡೆಯ ಮುಂದೆ ಕೈಯನ್ನು ಪಿಸ್ತೂಲು ಮಾಡಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ಹೆಮ್ಮೆಯಿಂದ ತೋರಿಸುತ್ತೇವೆ. ಅದೇ ಬಂಡೆಗಳ ನಡುವೆ ನಿಜವಾದ ಸೈನ್ಯ ಬಂದಿತ್ತು, ನಿಜವಾದ ಕೋಟೆ ಬಿತ್ತು ಎಂದು ಯಾರೂ ಹೇಳುವುದಿಲ್ಲ. ನಾನೂ ನಲವತ್ತು ವರ್ಷ ಈ ಊರಿನಲ್ಲಿದ್ದು ಹೇಳಿದವಳಲ್ಲ. ಸಿನಿಮಾದ ಯುದ್ಧಕ್ಕೆ ಚಿತ್ರಗಳಿವೆ, ಆದ್ದರಿಂದ ಅದು ನೆನಪಿನಲ್ಲಿದೆ. ಚಿತ್ರವಿಲ್ಲದ್ದು ನಡೆದೇ ಇಲ್ಲವೇನೋ ಎಂಬಂತಾಗಿದೆ.

ಕ್ಯಾಮೆರಾ ಬಂದ ಮೇಲಾದರೂ ಇದು ಬದಲಾಯಿತೇ? 1858ರಲ್ಲಿ ಫೆಲಿಸ್ ಬಿಯಾಟೊ ಎಂಬ ಛಾಯಾಗ್ರಾಹಕ ಲಕ್ನೋಗೆ ಬಂದ. ಸಿಪಾಯಿಗಳ ದಂಗೆಯನ್ನು ಇಂಗ್ಲಿಷರು ಅಡಗಿಸಿದ್ದ ಸಮಯ. ಸಿಕಂದರ್ ಬಾಗ್ ಎಂಬ ತೋಟದ ಮನೆಯಲ್ಲಿ 1857ರ ನವೆಂಬರ್‌ನಲ್ಲಿ ಘೋರ ಕಾದಾಟ ನಡೆದು ಸುಮಾರು ಎರಡು ಸಾವಿರ ಭಾರತೀಯ ಸಿಪಾಯಿಗಳು ಸತ್ತಿದ್ದರು. ಬಿಯಾಟೊ ಅಲ್ಲಿಗೆ ಹೋದದ್ದು ತಿಂಗಳುಗಳಾದ ಮೇಲೆ. ಅವನ ಹೆಸರಾಂತ ಚಿತ್ರದಲ್ಲಿ ಮುರಿದ ಕಟ್ಟಡದ ಮುಂದೆ ಅಸ್ಥಿಗಳು ಹರಡಿವೆ. ಚಿತ್ರ ಚೆನ್ನಾಗಿ ಬರಲೆಂದು ಅವನ್ನು ಹೊರತೆಗೆಸಿ ಹರಡಿಸಿದ ಎಂದು ಇತಿಹಾಸಕಾರರು ಹೇಳುತ್ತಾರೆ. ಯುದ್ಧದಲ್ಲಿ ಸತ್ತವರನ್ನು ತೋರಿಸಿದ ಮೊದಮೊದಲ ಛಾಯಾಚಿತ್ರಗಳಲ್ಲಿ ಇದೂ ಒಂದು. ಹೋಮ್ ಸತ್ತವರನ್ನು ಮರೆಮಾಡಿದ, ಬಿಯಾಟೊ ಸತ್ತವರನ್ನು ಎಳೆದು ತಂದ. ಎರಡೂ ಬೇರೆ ಎನಿಸುತ್ತದೆ. ಆದರೆ ಇಂಗ್ಲಿಷರು ತಮ್ಮ ಕಡೆಯ ಹೆಣಗಳನ್ನು ಆಗಲೇ ಮಣ್ಣು ಮಾಡಿದ್ದರು. ಚಿತ್ರಕ್ಕೆ ಒದಗಿದ್ದು ಎದುರಿನವರ ಅಸ್ಥಿ ಮಾತ್ರ. ನಮ್ಮ ಮನೆಯಲ್ಲಿ ಸಾವಾದರೆ ನಾವು ಮುಖಕ್ಕೆ ಬಟ್ಟೆ ಹೊದಿಸುತ್ತೇವಲ್ಲ, ಆ ಬಟ್ಟೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ಯುದ್ಧದ ಚಿತ್ರ ನೋಡುವಾಗ ಗಮನಿಸಬೇಕು.

ಇಲ್ಲಿಗೆ ನಿಲ್ಲಿಸಿದರೆ ಸೈನ್ಯದ ಛಾಯಾಗ್ರಾಹಕರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಎರಡನೆಯ ಮಹಾಯುದ್ಧದ ಹೊತ್ತಿಗೆ ಇದೊಂದು ವ್ಯವಸ್ಥಿತ ಕೆಲಸವಾಯಿತು. ಬ್ರಿಟಿಷ್ ಸೈನ್ಯ 1941ರಲ್ಲಿ ಚಲನಚಿತ್ರ ಮತ್ತು ಛಾಯಾಚಿತ್ರಕ್ಕೆಂದೇ ಒಂದು ತುಕಡಿ ಕಟ್ಟಿತು. ಹೆಚ್ಚಿನವರು ಸಾರ್ಜೆಂಟ್ ದರ್ಜೆಯವರು. ತರಬೇತಿ ಪೈನ್‌ವುಡ್ ಎಂಬ ಸಿನಿಮಾ ಸ್ಟುಡಿಯೋದಲ್ಲಿ. ಸೊಂಟದಲ್ಲಿ ಪಿಸ್ತೂಲು, ಕೈಯಲ್ಲಿ ಕ್ಯಾಮೆರಾ. ತೆಗೆದ ಸುರುಳಿಯ ಜೊತೆ, ಎಲ್ಲಿ, ಯಾವಾಗ, ಯಾರು, ಏನು ಎಂದು ಒಂದು ಹಾಳೆ ಬರೆದು ಕಳಿಸಬೇಕು. ಅದನ್ನು ಸೆನ್ಸಾರಿನವರು ನೋಡಿ, ಬೇಕಾದ್ದನ್ನು ಮಾತ್ರ ಪತ್ರಿಕೆಗೆ ಬಿಡುತ್ತಿದ್ದರು. ತಾನು ತೆಗೆದ ಚಿತ್ರ ಹೇಗೆ ಬಂದಿದೆ ಎಂದು ತೆಗೆದವನಿಗೇ ಎಷ್ಟೋ ಸಲ ಗೊತ್ತಾಗುತ್ತಿರಲಿಲ್ಲ.

ಈ ತುಕಡಿಯಲ್ಲಿ ಮೈಕ್ ಲೂಯಿಸ್ ಎಂಬ ಸಾರ್ಜೆಂಟ್ ಇದ್ದ. ಪೋಲೆಂಡಿನಿಂದ ಬಂದ ಯಹೂದಿ ತಂದೆತಾಯಿಯರ ಮಗ. 1944ರ ಸೆಪ್ಟೆಂಬರ್‌ನಲ್ಲಿ ಹಾಲೆಂಡಿನ ಆರ್ನೆಮ್‌ನಲ್ಲಿ ಪ್ಯಾರಾಚೂಟ್ ಪಡೆಯ ಜೊತೆ ಇಳಿದು, ಆ ಸೋಲಿನಿಂದ ಬದುಕಿ ಬಂದವನು. 1945ರ ಏಪ್ರಿಲ್‌ನಲ್ಲಿ ಅವನೂ ಅವನ ಜೊತೆಗಾರರೂ ಜರ್ಮನಿಯ ಬೆರ್ಗೆನ್-ಬೆಲ್ಸನ್ ಶಿಬಿರದ ಬಾಗಿಲಿಗೆ ಬಂದರು. ಅವರು ಕಲಿತದ್ದು ಟ್ಯಾಂಕು, ಫಿರಂಗಿ, ದಾಳಿಯ ಚಿತ್ರ ತೆಗೆಯುವುದನ್ನು. ಅಲ್ಲಿ ಇದ್ದದ್ದು ಮಣ್ಣಾಗದ ಸಾವಿರಾರು ಹೆಣಗಳು, ಹಸಿವಿನಿಂದ, ವಿಷಮ ಜ್ವರದಿಂದ ಸಾಯುತ್ತಿದ್ದ ಜನ. ಅವರಲ್ಲಿ ಹೆಂಗಸರು, ಮಕ್ಕಳು. ಲೂಯಿಸ್ ನೋಡುತ್ತಿದ್ದದ್ದು ತನ್ನ ತಾಯಿಯ ಊರಿನವರಿರಬಹುದಾದ ಜನರನ್ನು. ಅವರು ದಿನಗಟ್ಟಲೆ ಅದನ್ನೇ ತೆಗೆದರು. ಆ ಚಿತ್ರಗಳು ಅದೇ ವರ್ಷ ಆ ಶಿಬಿರದ ಅಧಿಕಾರಿಗಳ ವಿಚಾರಣೆಯಲ್ಲಿ ಸಾಕ್ಷಿಯಾದವು. ಇಂದಿಗೂ ಯಾರಾದರೂ 'ಅಂಥದ್ದೇನೂ ನಡೆಯಲಿಲ್ಲ' ಎಂದರೆ ಬಾಯಿ ಮುಚ್ಚಿಸುವುದು ಅವೇ. ಸೈನ್ಯದ ಕ್ಯಾಮೆರಾ ಮಾಡಿದ ಅತ್ಯಂತ ದೊಡ್ಡ ಕೆಲಸ ಇದು ಎಂದು ನಾನು ತಿಳಿದಿದ್ದೇನೆ. ಆಶ್ಚರ್ಯವೆಂದರೆ ಅದರಲ್ಲಿ ಕಾದಾಟದ ಒಂದು ಚಿತ್ರವೂ ಇಲ್ಲ.

ಪ್ಯಾರಾಚೂಟು ಎಂದ ಕೂಡಲೇ ನಮ್ಮ ಕಡೆಯ ಇನ್ನೊಂದು ಸಂಗತಿ ನೆನಪಾಗುತ್ತದೆ. ಆ ಯುದ್ಧದಲ್ಲಿ ಜಪಾನಿನ ರೇಷ್ಮೆ ನಿಂತುಹೋಗಿ, ಪ್ಯಾರಾಚೂಟಿಗಾಗಿ ಮೈಸೂರು ಸೀಮೆಯ ರೇಷ್ಮೆಗೆ ಎಲ್ಲಿಲ್ಲದ ಬೇಡಿಕೆ ಬಂತು. ರಾಮನಗರ, ಚನ್ನಪಟ್ಟಣ, ಕನಕಪುರದ ಕಡೆ ಹಿಪ್ಪುನೇರಳೆ ಬೆಳೆದವರಿಗೆ, ಗೂಡು ಬಿಚ್ಚಿದವರಿಗೆ ಕೈತುಂಬ ಕೆಲಸ. ನಮ್ಮತ್ತೆಯ ತಾಯಿ ಚನ್ನಪಟ್ಟಣದ ಹತ್ತಿರ ಚರಕದ ಮುಂದೆ ಕೂತು ನೂಲು ಬಿಚ್ಚಿದವರು. ಕುದಿನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕಿ ಹುಡುಕಿ ಅವರ ಬೆರಳ ತುದಿ ಸಾಯುವತನಕ ಬಿಳುಚಿಕೊಂಡೇ ಇದ್ದವಂತೆ. ಆಕಾಶದ ತುಂಬ ಬಿಳಿ ಕೊಡೆಗಳು ತೇಲುವ ಚಿತ್ರ ಸೈನಿಕ ಛಾಯಾಗ್ರಾಹಕರಿಗೆ ಬಹಳ ಪ್ರಿಯವಾದದ್ದು, ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆರ್ನೆಮ್‌ನ ಹೊತ್ತಿಗೆ ನೈಲಾನ್ ಬಂದಿತ್ತು, ಆ ಕೊಡೆಗಳಲ್ಲಿ ನಮ್ಮ ನೂಲಿತ್ತೆಂದು ನಾನು ಹೇಳಲಾರೆ. ಆದರೆ ಆ ಯುದ್ಧದ ಎಲ್ಲೋ ಒಂದು ಕೊಡೆಯಲ್ಲಿ ನಮ್ಮ ಹೆಂಗಸರ ಬೆರಳಿನ ಕೆಲಸ ಇದ್ದೇ ಇರಬೇಕು. ಆ ಬೆರಳುಗಳ ಫೋಟೋ ಮಾತ್ರ ನಾನೆಲ್ಲೂ ನೋಡಿಲ್ಲ.

ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರವಾಲಾ ಮುಂಬಯಿಯಲ್ಲಿ ಕೆಲಸ ಶುರುಮಾಡಿದರು. 1942ರಲ್ಲಿ ದೆಹಲಿಗೆ ಹೋಗಿ ಬ್ರಿಟಿಷ್ ಮಾಹಿತಿ ಸೇವೆಯಲ್ಲಿ ದುಡಿದರು. ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು, ಸೈಕಲ್ಲಿನಲ್ಲಿ ಓಡಾಡಿದವರು. ಯುದ್ಧಭೂಮಿಗೆ ಹೋದವರಲ್ಲ, ಯುದ್ಧಕಾಲದ ಊರನ್ನು ತೆಗೆದವರು. ಅವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಚಿತ್ರದೊಳಗೆ ಯಾರಿದ್ದಾರೆ ಎಂದು ಕೇಳುವ ಹಾಗೆಯೇ, ಚಿತ್ರದ ಕೆಳಗಿನ ಹೆಸರು ಯಾರದು ಎಂದೂ ಕೇಳುವುದು ನಮಗೆ ಹೊಸದಲ್ಲ.

ಈಗ ನನ್ನ ಭಾಷಣದಲ್ಲಿ ನಾನು ತಡವರಿಸಿದ ಭಾಗಕ್ಕೆ ಬರುತ್ತೇನೆ. ರೊನಾಲ್ಡ್ ಹೇಬರ್ಲಿ ಎಂಬಾತ ಅಮೆರಿಕದ ಸೈನ್ಯದ ಛಾಯಾಗ್ರಾಹಕ. 1968ರ ಮಾರ್ಚ್ 16ರಂದು ವಿಯೆಟ್ನಾಮಿನ ಮೈ ಲಾಯ್ ಎಂಬ ಹಳ್ಳಿಗೆ ಹೋದ ಸೈನಿಕರ ಜೊತೆ ಹೋದ. ಅಲ್ಲಿ ಶತ್ರು ಸೈನಿಕರು ಇರಲಿಲ್ಲ. ಇದ್ದದ್ದು ಮುದುಕರು, ಹೆಂಗಸರು, ಮಕ್ಕಳು. ಕೆಲವೇ ಗಂಟೆಗಳಲ್ಲಿ ನೂರಾರು ಜನರನ್ನು ಕೊಂದರು. ಹೇಬರ್ಲಿಯ ಬಳಿ ಸೈನ್ಯ ಕೊಟ್ಟ ಕ್ಯಾಮೆರಾದಲ್ಲಿ ಕಪ್ಪು ಬಿಳುಪು ಸುರುಳಿ, ತನ್ನ ಸ್ವಂತ ಕ್ಯಾಮೆರಾದಲ್ಲಿ ಬಣ್ಣದ ಸುರುಳಿ ಇತ್ತು. ಸೈನ್ಯದ ಕ್ಯಾಮೆರಾದ ಚಿತ್ರಗಳನ್ನು ಸೈನ್ಯಕ್ಕೆ ಒಪ್ಪಿಸಿದ. ಅವುಗಳಲ್ಲಿ ಆ ಕೊಲೆಗಳ ಸುಳಿವಿರಲಿಲ್ಲ. ಸತ್ತವರಿದ್ದದ್ದು ಅವನ ಸ್ವಂತ ಕ್ಯಾಮೆರಾದಲ್ಲಿ. ಆ ಬಣ್ಣದ ಚಿತ್ರಗಳು ಅವನ ಊರಿನ ಪತ್ರಿಕೆಯಲ್ಲಿ ಅಚ್ಚಾದದ್ದು 1969ರ ನವೆಂಬರ್ 20ರಂದು, ಇಪ್ಪತ್ತು ತಿಂಗಳ ಮೇಲೆ.

ಅದರಲ್ಲಿ ಒಂದು ಚಿತ್ರವಿದೆ. ಒಂದು ಗುಂಪು ಹೆಂಗಸರು, ಮಕ್ಕಳು ಒತ್ತಾಗಿ ನಿಂತಿದ್ದಾರೆ. ಮುಂದಿನ ವಯಸ್ಸಾದ ಹೆಂಗಸಿನ ಮುಖದಲ್ಲಿ ಅಳು. ಹಿಂದೆ ಒಬ್ಬ ತರುಣಿ, ಕಂಕುಳಲ್ಲಿ ಮಗು, ತಲೆ ತಗ್ಗಿಸಿ ರವಿಕೆಯ ಗುಂಡಿ ಹಾಕಿಕೊಳ್ಳುತ್ತಿದ್ದಾಳೆ. ಅದಕ್ಕೆ ಮುಂಚೆ ಏನು ನಡೆದಿತ್ತೆಂದು ಆ ಗುಂಡಿಯೇ ಹೇಳುತ್ತದೆ. ಹೇಬರ್ಲಿ ಆಮೇಲೆ ಹೇಳಿದ್ದು ಇಷ್ಟು: ಸೈನಿಕರು ಅವರನ್ನು ಗುಂಡಿಕ್ಕಲು ಸಿದ್ಧರಾಗಿದ್ದರು, ತಾನು ತಡೆಯಿರಿ ಎಂದು ಕೂಗಿ ಚಿತ್ರ ತೆಗೆದುಕೊಂಡೆ, ತಿರುಗಿ ನಡೆಯುತ್ತಿದ್ದಂತೆ ಹಿಂದೆ ಬಂದೂಕಿನ ಸದ್ದು ಕೇಳಿಸಿತು.

ತಡೆಯಿರಿ ಎಂದದ್ದು ಫೋಟೋಕ್ಕಾಗಿ. ಅವರು ತಡೆದದ್ದೂ ನಿಜ. ಅವನ ಮಾತು ನಡೆಯಿತು. ಅದೇ ಮಾತನ್ನು ಆ ತಾಯಂದಿರ ಜೀವಕ್ಕಾಗಿ ಹೇಳಿದ್ದರೆ ನಡೆಯುತ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಅದೇ ದಿನ, ಅದೇ ಸೈನ್ಯದ ಹ್ಯೂ ಥಾಂಪ್ಸನ್ ಎಂಬ ಹೆಲಿಕಾಪ್ಟರ್ ಚಾಲಕ ತನ್ನವರಿಗೂ ಹಳ್ಳಿಗರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರ ಜೀವ ಉಳಿಸಿದ. ಇನ್ನೊಂದು ಸಂಗತಿ: ಸೈನಿಕರು ಕೊಲ್ಲುತ್ತಿರುವುದೇ ಕಾಣುವ ಕೆಲವು ಚಿತ್ರಗಳನ್ನು ತಾನು ನಾಶಮಾಡಿದ್ದೆ ಎಂದು ಹೇಬರ್ಲಿ 2009ರಲ್ಲಿ ಒಪ್ಪಿಕೊಂಡ. ಸತ್ತವರನ್ನು ತೋರಿಸಿದ, ಕೊಂದವರನ್ನು ಉಳಿಸಿಕೊಂಡ. ಆದರೂ ಅವನ ಚಿತ್ರಗಳಿಲ್ಲದಿದ್ದರೆ ಮೈ ಲಾಯ್ ನಡೆದದ್ದನ್ನು ಅಮೆರಿಕದ ಜನ ನಂಬುತ್ತಲೇ ಇರಲಿಲ್ಲವೇನೋ. ಇವನನ್ನು ಹೊಗಳಲೇ, ತೆಗಳಲೇ ಎಂದು ನನಗೆ ತಿಳಿಯಲಿಲ್ಲ. ವೇದಿಕೆಯ ಮೇಲೆ ಹಾಗೆಯೇ ಹೇಳಿದೆ.

ಸಭೆ ಸುಮ್ಮನಿತ್ತು. ಹಿಂದಿನ ಸಾಲಿನಲ್ಲಿದ್ದ, ದಾದಿಯಾಗಿ ನಿವೃತ್ತರಾದ ನಮ್ಮ ಸದಸ್ಯೆಯೊಬ್ಬರು ಎದ್ದು ನಿಂತು, "ನಾವು ಮೊದಲು ರಕ್ತ ನಿಲ್ಲಿಸ್ತೀವಿ ಮೇಡಂ, ಆಮೇಲೆ ಕೇಸ್ ಶೀಟ್ ಬರೀತೀವಿ. ಆದರೆ ಕೇಸ್ ಶೀಟ್ ಬರೀದೆ ಹೋದರೆ, ಅಂಥ ರೋಗಿ ಬಂದೇ ಇರಲಿಲ್ಲ ಅಂದುಬಿಡ್ತಾರೆ" ಎಂದು ಕೂತರು. ನನ್ನ ಎರಡು ತಿಂಗಳ ಓದಿನಲ್ಲಿ ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಸಿಕ್ಕಿರಲಿಲ್ಲ. ಎರಡೂ ಬೇಕು. ಯಾವುದು ಮೊದಲು ಎಂಬುದೂ ಸ್ಪಷ್ಟ. ಕಷ್ಟವಿರುವುದು, ಬಂದೂಕುಗಳ ನಡುವೆ ನಿಂತವನಿಗೆ ಆ ಕ್ರಮ ನೆನಪಿರುತ್ತದೆಯೇ ಎಂಬಲ್ಲಿ.

ಹೆಣ್ಣುಮಕ್ಕಳೂ ಈ ಕೆಲಸದಲ್ಲಿದ್ದಾರೆ. ಹಿಲ್ಡಾ ಕ್ಲೇಟನ್ ಎಂಬ ಇಪ್ಪತ್ತೆರಡು ವರ್ಷದ ಹುಡುಗಿ ಅಮೆರಿಕದ ಸೈನ್ಯದ ಛಾಯಾಗ್ರಾಹಕಿ. 2013ರ ಜುಲೈ 2ರಂದು ಅಫ್ಘಾನಿಸ್ತಾನದಲ್ಲಿ ಅಲ್ಲಿನ ಸೈನಿಕರ ಫಿರಂಗಿ ತರಬೇತಿಯ ಚಿತ್ರ ತೆಗೆಯುತ್ತಿದ್ದಾಗ ಫಿರಂಗಿಯ ನಳಿಗೆಯೇ ಸಿಡಿದು ಅವಳು ಸತ್ತಳು. ಅವಳ ಜೊತೆ ನಾಲ್ವರು ಅಫ್ಘನ್ ಸೈನಿಕರೂ ಸತ್ತರು. ಸಿಡಿದ ಆ ಕ್ಷಣ ಅವಳ ಕ್ಯಾಮೆರಾದಲ್ಲಿ ಉಳಿದಿತ್ತು. ಮನೆಯವರ ಒಪ್ಪಿಗೆ ಪಡೆದು ಸೈನ್ಯದ ಪತ್ರಿಕೆ ಅದನ್ನು 2017ರಲ್ಲಿ ಅಚ್ಚುಮಾಡಿತು. ತೆಗೆದವಳನ್ನೇ ಕೊಂದ ಚಿತ್ರ. ನಾನು ಅದನ್ನು ಒಮ್ಮೆ ನೋಡಿದೆ, ಎರಡನೆಯ ಸಲ ನೋಡಲು ಮನಸ್ಸಾಗಲಿಲ್ಲ. ಅಚ್ಚುಮಾಡಬಾರದಿತ್ತು ಎನ್ನುವುದೂ ನನ್ನಿಂದಾಗದು, ಮಗಳ ಕೊನೆಯ ಕೆಲಸವನ್ನು ಜನ ನೋಡಲಿ ಎಂದು ಹೆತ್ತವರಿಗೆ ಅನ್ನಿಸಿದರೆ ಬೇಡವೆನ್ನಲು ನಾನು ಯಾರು?

ಆದರೆ ಒಂದು ಮಾತು. ಸತ್ತ ನಾಲ್ವರು ಅಫ್ಘನ್ ಸೈನಿಕರಲ್ಲಿ ಒಬ್ಬ ಛಾಯಾಗ್ರಾಹಕ. ಹಿಲ್ಡಾ ಅವನಿಗೆ ಕೆಲಸ ಕಲಿಸುತ್ತಿದ್ದಳು. ಅವನೂ ಅದೇ ಸ್ಫೋಟದ ಚಿತ್ರ ತೆಗೆದಿದ್ದ, ಅದೂ ಅಚ್ಚಾಯಿತು. ಹಿಲ್ಡಾಳ ಹೆಸರನ್ನು ಸೈನ್ಯದ ಛಾಯಾಗ್ರಾಹಕರ ವಾರ್ಷಿಕ ಸ್ಪರ್ಧೆಗೆ ಇಟ್ಟಿದ್ದಾರೆ. ಇಡಬೇಕಾದ್ದೇ. ಆ ಹುಡುಗನ ಹೆಸರು ನಾನು ಓದಿದ ಯಾವ ಸುದ್ದಿಯಲ್ಲೂ ಇರಲಿಲ್ಲ. ಇಬ್ಬರೂ ಒಂದೇ ಜಾಗದಲ್ಲಿ, ಒಂದೇ ಕೆಲಸ ಮಾಡುತ್ತ, ಒಂದೇ ಕ್ಷಣದಲ್ಲಿ ಸತ್ತವರು. ಆದರೂ ಬೆಟ್ಟಕ್ಕೆ ಎರಡು ಕಡೆ ಇದ್ದೇ ಇತ್ತು.

ಭಾಷಣ ಮುಗಿಸಿ ಮನೆಗೆ ಬಂದ ಮೇಲೆ ಅತ್ತೆಗೆ ಎಲ್ಲವನ್ನೂ ಹೇಳಿದೆ. ಆಗ ಅವರು ಇಷ್ಟು ವರ್ಷ ನನಗೆ ಹೇಳದಿದ್ದ ಒಂದು ವಿಷಯ ಹೇಳಿದರು. ಅವರ ತಮ್ಮ ಸೈನ್ಯದಲ್ಲಿದ್ದದ್ದು ನನಗೆ ಗೊತ್ತಿತ್ತು. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಮೇಲೆ ಯುದ್ಧವಾದಾಗ ಅವರು ರಾಜಸ್ಥಾನದ ಗಡಿಯಲ್ಲಿದ್ದರು. ಕಾಗದ ಬರುವುದು ನಿಂತಿತ್ತು. ಆಗ ಸಿನಿಮಾಕ್ಕೆ ಮುಂಚೆ ಫಿಲ್ಮ್ಸ್ ಡಿವಿಜನ್ನಿನ ನ್ಯೂಸ್‌ರೀಲ್ ತೋರಿಸುವುದು ಕಡ್ಡಾಯ, ನೀವೂ ನೋಡಿರುತ್ತೀರಿ. ಬೆಂಗಳೂರಿನಲ್ಲಿ ಓಡಿ ಹಳತಾದ ಮೇಲೆ ನಮ್ಮಂಥ ಊರುಗಳ ಟೆಂಟಿಗೆ ಬರುತ್ತಿತ್ತು. ಯುದ್ಧದ ರೀಲು ಬಂದಿದೆಯ೦ತೆ ಎಂದು ಯಾರೋ ಹೇಳಿದ್ದು ಕೇಳಿ ನಮ್ಮತ್ತೆ, ಸೊಂಟದ ಮೇಲೊಂದು ಕೂಸು ಎತ್ತಿಕೊಂಡು, ಮಾಗಡಿಯ ಟೆಂಟಿಗೆ ಮೂರು ದಿನ ಹೋದರಂತೆ. ನೆಲದ ಟಿಕೆಟ್ಟು. ರೀಲು ಮುಗಿದು ಸಿನಿಮಾ ಶುರುವಾದ ಕೂಡಲೇ ಎದ್ದು ಬರುವುದು. ಸಿನಿಮಾ ಯಾವುದು ಎಂಬುದೂ ಈಗ ನೆನಪಿಲ್ಲ.

"ಸಾಲಾಗ್ ಹೋಗ್ತಿದ್ರು ಕಣವ್ವ. ಬರೇ ಬೆನ್ನು. ಒಬ್ಬನ್ ನಡಿಗೆ ನೋಡಿ ಇವ್ನೇಯ ಅಂದ್ಕಂಡೆ. ತಿರುಗ್ತಾನೇನೋ ತಿರುಗ್ತಾನೇನೋ ಅಂತ ಮೂರ್ ದಿನ ಕಾದೆ. ಬೊಂಬೆ ತಿರುಗ್ತದಾ?"

ತಮ್ಮ ಬದುಕಿ ಬಂದರು. ಆಮೇಲೆ ಕನಕಪುರದ ಕಡೆ ಹಿಪ್ಪುನೇರಳೆ ತೋಟ ಮಾಡಿಕೊಂಡಿದ್ದು, ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ರಜೆಯಲ್ಲಿ ಬಂದಾಗ ಅಕ್ಕ ಕೇಳಿದರಂತೆ, ರೀಲಿನಲ್ಲಿ ನಡೆದು ಹೋದವನು ನೀನೇನಪ್ಪ ಎಂದು. "ಇಲ್ಲಕ್ಕ, ನಾವಿದ್ ಕಡೀಕೆ ಕ್ಯಾಮ್ರಾ ಬಂದಿರ್ಲಿಲ್ಲ" ಎಂದು ಹೇಳಿ, ಆ ಮಾತನ್ನು ಮತ್ತೆ ಎತ್ತಲಿಲ್ಲ. ಅಲ್ಲಿ ಏನು ಕಂಡರು ಎಂದು ಮನೆಯವರಿಗೆ ಯಾರಿಗೂ ಗೊತ್ತಾಗಲಿಲ್ಲ.

ಆ ರೀಲನ್ನು ತೆಗೆದ ಕ್ಯಾಮೆರಾದವನನ್ನು ನಾನು ದೂರುವುದಿಲ್ಲ. ಅವನೂ ಅಲ್ಲಿಯ ಮರಳು ತಿಂದು, ಬಿಟ್ಟ ಕಡೆ ನಿಂತು, ಬಿಟ್ಟಷ್ಟನ್ನು ತೆಗೆದಿರಬೇಕು. ಅವನು ತೆಗೆದ ಒಂದು ಬೆನ್ನು ಮಾಗಡಿಯ ಒಬ್ಬ ಅಕ್ಕನನ್ನು ಮೂರು ರಾತ್ರಿ ಬದುಕಿಸಿತು. ಆದರೆ ಇಂಥ ಚಿತ್ರಗಳನ್ನು ನೋಡಿ ಯುದ್ಧವನ್ನೇ ನೋಡಿದೆವು ಎಂದುಕೊಂಡರೆ ತಪ್ಪು ನಮ್ಮದು. ಈಗಂತೂ ಯುದ್ಧದ ಚಿತ್ರಗಳಿಗೆ ಟೆಂಟಿಗೆ ಹೋಗಬೇಕಾಗಿಲ್ಲ, ಅಡುಗೆಮನೆಯ ಕಟ್ಟೆಯ ಮೇಲಿನ ಮೊಬೈಲಿಗೇ ಬರುತ್ತವೆ. ಆಕಾಶದಿಂದ ಡ್ರೋನ್ ತೆಗೆದದ್ದು, ಮನೆಯೊಂದು ಹೊಗೆಯಾಗುವುದು, ಹಿಂದೆ ಸಂಗೀತ. ಒಬ್ಬರು ಚಪ್ಪಾಳೆಯ ಗುರುತು ಹಾಕುತ್ತಾರೆ, ಒಬ್ಬರು ಕಣ್ಣೀರಿನ ಗುರುತು. ಆ ಮನೆಯ ಒಲೆಯ ಮೇಲೆ ಆಗ ಏನಿತ್ತು ಎಂದು ಮೇಲಿನಿಂದ ಕಾಣುವುದಿಲ್ಲ.

ಹೋದ ಕಾರ್ತಿಕದಲ್ಲಿ ಸಾವಂದಿ ವೀರಭದ್ರಸ್ವಾಮಿಯ ದರ್ಶನಕ್ಕೆ ಹೋಗಿ, ಅಲ್ಲಿಂದ ಅತ್ತೆಯ ತವರಿಗೆ ಹೋದೆವು. ಊರ ಹಿಂದಿನ ಕೆರೆ ಏರಿಯ ಮೇಲೆ ನಿಂತರೆ ಬೆಟ್ಟ ಎದುರಿಗೇ. ಅತ್ತೆ ಹೇಳಿದ್ದು ಖಂಡಿತ ನಿಜ. ಗೋಡೆಯ ಚಿತ್ರದ ಬೆಟ್ಟ ಇದಲ್ಲ. ಇಲ್ಲಿಂದ ಅದು ಸುಂದರವಾಗಿಯೂ ಇಲ್ಲ, ಭಯವಾಗುವಷ್ಟು ಹತ್ತಿರ. ಸಂಜೆಯ ಬೆಳಕಿತ್ತು. ಮನೆಯ ಗೋಡೆಗೆ ಈ ಕಡೆಯ ಚಿತ್ರವನ್ನೂ ಹಾಕೋಣ ಎಂದುಕೊಂಡು ಮೊಬೈಲ್ ಎತ್ತಿದೆ. ಅಷ್ಟರಲ್ಲಿ ಏರಿಯ ಮೇಲೆ ತಲೆ ತುಂಬ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬರುತ್ತಿದ್ದಳು. ಬೆಟ್ಟಕ್ಕೆ ಸರಿಯಾಗಿ ಅಡ್ಡ.

"ಒಂದು ನಿಮಿಷ ತಡೀಮ್ಮ, ಸ್ವಲ್ಪ ಆ ಕಡೆ ಸರಿ" ಎಂದೆ ನಾನು.

ಅವಳು ಹೊರೆಯ ಸಮೇತ ಏರಿಯ ಅಂಚಿಗೆ ಸರಿದು ನಿಂತಳು. ನಾನು ಚಿತ್ರ ತೆಗೆದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಅವಳ್ಯಾಕವ್ವ ಸರೀಬೇಕು? ಅವಳೂರು ಅದು" ಎಂದರು.